ಭಾಷ್ಯದ ಅಂಚು

ವ್ಯಾಪಾರದಲ್ಲಿ ತಲೆ ನರೆತವನ ಒಂದು ಸಲಹೆಯನ್ನು ಮೊದಲೇ ಕೊಟ್ಟುಬಿಡುತ್ತೇನೆ. ಎದುರಿನವನು ಬೆಲೆ ಇಳಿಸಿದರೆ ಸಂತೋಷಪಡಿ. ಬೆಲೆ ಇಳಿಸದೆ, "ಹೋಗಲಿ, ಇದೊಂದು ಪುಕ್ಕಟೆ ಮಾಡಿಕೊಡುತ್ತೇನೆ" ಎಂದರೆ ಮಾತ್ರ ಆ ಪುಕ್ಕಟೆ ಏನೆಂದು ಎರಡು ಸಲ ಕೇಳಿ. ನಾನು ಒಂದು ಸಲವೂ ಕೇಳಲಿಲ್ಲ. ಅದರಿಂದಾಗಿ ಮುಂಬಯಿ ಪಕ್ಕದ ಡೊಂಬಿವಲಿ ಪೂರ್ವದ ಒಂದು ಫ್ಲ್ಯಾಟಿನಲ್ಲಿ ಹನ್ನೊಂದು ವರ್ಷದಿಂದ ಭಾನುವಾರ ಭಾನುವಾರ ನಡೆಯುತ್ತಿದ್ದ ಅದ್ವೈತದ ಪಾಠ ನಿಂತುಹೋಗುವ ಹಂತಕ್ಕೆ ಬಂತು. ಅದನ್ನು ನಿಲ್ಲಿಸಲು ದೊಡ್ಡ ದೊಡ್ಡ ಪ್ರತಿವಾದಿಗಳು ಬರಬೇಕಾಗಲಿಲ್ಲ. ಠಾಣೆಯ ಕಾರ್ಖಾನೆಗಳ ಬಡಾವಣೆ ವಾಗ್ಳೆ ಎಸ್ಟೇಟಿನಲ್ಲಿ ಹಳೆಯ ಲೇತ್ ಯಂತ್ರಗಳನ್ನು ಕೊಂಡು ಮಾರುವ ನಾನೊಬ್ಬನೇ ಸಾಕಾದೆ.

ಹಳೆ ಯಂತ್ರದವನಿಗೂ ವೇದಾಂತಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಈಗಲೂ ಕೇಳುತ್ತಾಳೆ. ಕುಂದಾಪುರದ ಕಡೆಯಿಂದ ಬಂದು, ಹೋಟೆಲಿನಲ್ಲಿ ಲೋಟ ತೊಳೆದು, ಆ ಹೋಟೆಲಿನ ಕೆಟ್ಟ ಗ್ರೈಂಡರನ್ನು ಮಾರಿಕೊಟ್ಟು ದಲ್ಲಾಳಿಯಾದವನು ನಾನು. ಬ್ರಹ್ಮ ನನ್ನ ದಾರಿಯಲ್ಲಿ ಇರಲೇ ಇಲ್ಲ. ದಾರಿಯಲ್ಲಿ ಸಿಕ್ಕಿದ್ದು ಒಂದು ಹೊಲಿಗೆ ಯಂತ್ರ.

ಅದು ಭಟ್ಟರ ಮನೆಯದು. ಭಟ್ಟರೆಂದರೆ ರೈಲ್ವೆಯ ಟಿಕೆಟ್ ಕಿಟಕಿಯ ಹಿಂದೆ ಕೂತು ನಿವೃತ್ತರಾದವರು, ನಮ್ಮ ಕಡೆಯವರೇ. ಕಾಲಿನಲ್ಲಿ ತುಳಿಯುವ ಆ ಹಳೆಯ ಯಂತ್ರವನ್ನು ನೋಡಲು ಹೋದವನು ವಾಡಿಕೆಯಂತೆ ಮುಖ ಸಣ್ಣ ಮಾಡಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಅವರೇ ಶುರು ಮಾಡಿದರು. "ಶೆಟ್ರೆ, ಇದರ ಪೆಡಲು ಸಡಿಲ ಇದೆ. ಬೆಲ್ಟು ಹೋಗಿದೆ. ಚಕ್ರ ಓಲಾಡ್ತದೆ. ಈ ಮಾಡೆಲಿನ ಬಿಡಿಭಾಗ ಈಗ ಸಿಗೂದಿಲ್ಲ. ಮೇಲೆ ತುಕ್ಕು ಕಾಣ್ತದೆ, ಒಳಗೆ ಇನ್ನೂ ಇದ್ದೀತು. ಹಾಗಾಗಿ ಅರ್ಧಕ್ಕೆ ಕೊಡಿ ಅಂತ ನೀವು ಹೇಳ್ಬಹುದು." ನಾನು ಹೇಳಬೇಕೆಂದಿದ್ದು ನಾಲ್ಕೇ ದೋಷ. ಅವರು ಆರು ಹೇಳಿದರು. ಆಮೇಲೆ ಒಂದೊಂದಾಗಿ ಆರಕ್ಕೂ ಉತ್ತರ ಕೊಟ್ಟು ತಮ್ಮ ಬೆಲೆ ಹೇಳಿದರು. ಬಾಯಿಗೆ ಬಂದ ಮಾತನ್ನು ಎದುರಿನವನೇ ಕಿತ್ತುಕೊಂಡು ಆಡಿಬಿಟ್ಟರೆ ಚೌಕಾಸಿ ಯಾವುದರ ಮೇಲೆ ಮಾಡುವುದು? ಹೇಳಿದ ಬೆಲೆ ಕೊಟ್ಟು ಯಂತ್ರ ಹೊರಿಸಿಕೊಂಡು ಬಂದೆ. ಹೊರಡುವಾಗ ಬಾಗಿಲಲ್ಲಿ ಕೇಳಿದೆ, "ಈ ವಿದ್ಯೆ ಎಲ್ಲಿ ಕಲ್ತ್ರಿ ಭಟ್ರೆ?"

"ಪೂರ್ವಪಕ್ಷ" ಎಂದರು. "ಭಾನುವಾರ ಬನ್ನಿ."

ಹೀಗೆ ಹೋದವನು ನಾನು, ಮೋಕ್ಷಕ್ಕಲ್ಲ, ವ್ಯಾಪಾರದ ಗುಟ್ಟಿಗೆ. ಗುಟ್ಟು ಸಿಕ್ಕಿತು ಕೂಡ. ನಮ್ಮ ಭಾಷ್ಯಗಳಲ್ಲಿ ತನ್ನ ಮಾತನ್ನು ಹೇಳುವ ಮೊದಲು ಎದುರಾಳಿಯ ಮಾತನ್ನು ಪೂರ್ತಿಯಾಗಿ, ಮರ್ಯಾದೆಯಿಂದ, ಸಾಧ್ಯವಾದರೆ ಅವನಿಗಿಂತ ಚೆನ್ನಾಗಿ ಹೇಳಬೇಕು. ಅದು ಪೂರ್ವಪಕ್ಷ. ಆಮೇಲೆ ಕೊಡುವ ತನ್ನ ಉತ್ತರ ಸಿದ್ಧಾಂತ. ಅದನ್ನು ಕುಂಟನನ್ನಾಗಿ ಮಾಡಿ ನಿಲ್ಲಿಸಿ ಹೊಡೆದು ಕೆಡವಿದರೆ ಗೆದ್ದ ಹಾಗಲ್ಲ. ಎಷ್ಟೋ ಕಡೆ ಎದುರಾಳಿಯ ವಾದ ಓದುತ್ತ ಓದುತ್ತ, ಅರೆ ಇದೇ ಸರಿ ಅಲ್ಲವೇ, ಇನ್ನು ಇವರೇನು ಹೇಳುತ್ತಾರೆ ಎಂದು ನನಗೆ ಗಾಬರಿಯಾಗಿದೆ. ನೀವೂ ಇದನ್ನು ಮನೆಯಲ್ಲಿ, ಸೊಸೈಟಿಯ ಮೀಟಿಂಗಿನಲ್ಲಿ ಪ್ರಯೋಗಿಸಿ ನೋಡಿ. ನಾನು ಮೊದಲು ಹೆಂಡತಿಯ ಮೇಲೆ ಪ್ರಯೋಗಿಸಿದೆ. ಅವಳ ದೂರುಗಳನ್ನೆಲ್ಲ ಅವಳಿಗಿಂತ ಚೆನ್ನಾಗಿ ಹೇಳಿದೆ. "ಗೊತ್ತಿತ್ತಲ್ಲ, ಮತ್ಯಾಕೆ ಮಾಡಿದ್ರಿ?" ಎಂದಳು. ಈ ಪದ್ಧತಿಗೂ ಮಿತಿಗಳಿವೆ.

ಇನ್ನೊಂದು ಸಂಗತಿಯೂ ನನ್ನನ್ನು ಅಲ್ಲಿ ಕಟ್ಟಿಹಾಕಿತು. ಮೂಲದಲ್ಲಿರುವುದು ಸೂತ್ರ. ಎರಡು ಮೂರು ಪದ, ಲೋಕಲ್ ರೈಲಿನ ಬಾಗಿಲಲ್ಲಿ ಒಂಟಿ ಕಾಲಿಟ್ಟು ನೇತಾಡುವವನಷ್ಟು ಜಾಗ. ಅದನ್ನು ಒಳಗೆ ಎಳೆದು ಕೂರಿಸುವುದು ಭಾಷ್ಯ. ಭಾಷ್ಯ ಏನು ಹೇಳಿತೆಂದು ಹೇಳಲು ಟೀಕೆ, ಟೀಕೆಗೆ ವಿವರಣೆ, ವಿವರಣೆಗೆ ಟಿಪ್ಪಣಿ. ನಮ್ಮ ಠಾಣೆ ಕಲ್ಯಾಣದ ಕಡೆ ನಾಲ್ಕು ಮಹಡಿಗೆ ಒಪ್ಪಿಗೆ ಪಡೆದು ಏಳು ಕಟ್ಟುವವರನ್ನು ನೋಡಿದವನು ನಾನು. ವ್ಯಾಖ್ಯಾನಕಾರರು ಹಾಗೆ ಮಾಡುವವರಲ್ಲ. ತಾನು ಹೊಸದೇನೂ ಕಟ್ಟುತ್ತಿಲ್ಲ, ಹಿರಿಯರು ಕಟ್ಟಿದ್ದಕ್ಕೆ ಸುಣ್ಣ ಬಳಿಯುತ್ತಿದ್ದೇನೆ ಎಂದೇ ಪ್ರತಿಯೊಬ್ಬರೂ ಹೇಳುತ್ತಾರೆ. ಬಳಿದು ಮುಗಿದ ಮೇಲೆ ನೋಡಿದರೆ ಒಂದು ಬಾಲ್ಕನಿ ಹೆಚ್ಚಾಗಿರುತ್ತದೆ.

ಪಾಠದಲ್ಲಿ ಏಳೆಂಟು ಮಂದಿ. ತಪ್ಪದೆ ಬರುವವರು ನನ್ನ ಹೊರತು ಇಬ್ಬರು. ಒಬ್ಬರು ಐರೋಲಿಯ ರಾಯರು. ಅಲ್ಲಿನ ಐ.ಟಿ. ಪಾರ್ಕಿನಲ್ಲಿ ಕೆಲಸ, ಹುಟ್ಟಿನಿಂದ ದ್ವೈತಿ, ಅದ್ವೈತದ ಪಾಠಕ್ಕೆ ಬರುವುದು ಆಕ್ಷೇಪಿಸಲಿಕ್ಕೇ. ಮತ್ತೊಬ್ಬರು ಬದಲಾಪುರದ ಮಹಾದೇವಿ ಅಕ್ಕ. ವಿಜಾಪುರದ ಕಡೆಯವರು, ಕಟ್ಟಡ ಕೆಲಸದವರ ಕ್ಯಾಂಟೀನುಗಳಿಗೆ ಜೋಳದ ರೊಟ್ಟಿ ಮಾಡಿ ಕಳಿಸುವವರು. ನಸುಕಿನಲ್ಲೆದ್ದು ರೊಟ್ಟಿ ತಟ್ಟಿ ಬಂದು ಗೋಡೆಗೊರಗಿ ಕಣ್ಣು ಮುಚ್ಚಿದರೆ ತೆರೆಯುವುದು ಕಾಫಿ ಬಂದಾಗ. ಪಾಪ, ನಿದ್ದೆ ಮಾಡಲಿ ಎಂದು ನಾವೆಲ್ಲ ಮೆಲ್ಲಗೆ ಜಗಳವಾಡುತ್ತಿದ್ದೆವು.

ಪಾಠ ನಡೆಯುತ್ತಿದ್ದುದು ಒಂದು ಪುಸ್ತಕದ ಮೇಲೆ. ಭಟ್ಟರ ಗುರುಗಳ ಕೈಯಿಂದ ಬಂದ ಭಾಷ್ಯದ ಪ್ರತಿ. ಅಚ್ಚಾದದ್ದು ನಡುವೆ ಅಂಗೈಯಷ್ಟು, ಸುತ್ತ ಅಗಲವಾದ ಅಂಚು. ಆ ಅಂಚಿನ ತುಂಬ ಕೈಬರಹ. ಕಪ್ಪು ಶಾಯಿಯದು ಗುರುಗಳದ್ದು, ನೀಲಿಯದು ಭಟ್ಟರದ್ದು. ಭಟ್ಟರು ಅಚ್ಚಿನ ಸಾಲನ್ನು ಒಮ್ಮೆ ಓದಿ, ಕನ್ನಡಕ ಸರಿಮಾಡಿಕೊಂಡು, ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದು, ಅಂಚನ್ನು ಅರ್ಧ ಗಂಟೆ ಓದುತ್ತಿದ್ದರು. ಹೊಲಿಗೆ ಬಿಟ್ಟು ಹಾಳೆಗಳು ಉದುರುತ್ತಿದ್ದವು. "ಬೈಂಡ್ ಮಾಡಿಸ್ಬೇಕು, ಯಾರಲ್ಲಿ ಕೊಡೂದು?" ಎಂದು ಅವರು ಒಂದು ದಿನ ಹೇಳಿದ್ದೇ ತಡ, ನಾನು ಎದ್ದು ನಿಂತೆ. ಯಾರಲ್ಲಿ ಎಷ್ಟಕ್ಕೆ ಎಂಬ ಮಾತು ಬಂದಲ್ಲಿ ನಾನು ಕೂತಿರಲಾರೆ.

ಕಲ್ಯಾಣ ಸ್ಟೇಷನ್ನಿನ ಬಳಿ ಕಚೇರಿಗಳ ರಿಜಿಸ್ಟರು ಬೈಂಡ್ ಮಾಡುವ ಒಬ್ಬ ಮುದುಕರಿದ್ದಾರೆ. ಕೈ ಗಟ್ಟಿ, ನಾಲಿಗೆ ಇನ್ನೂ ಗಟ್ಟಿ. ನಾನು ಅರ್ಧ ಗಂಟೆ ಪೂರ್ವಪಕ್ಷ ಸಿದ್ಧಾಂತ ಎಲ್ಲ ಪ್ರಯೋಗಿಸಿದೆ. ಅವರು ಗೋಂದಿನ ಡಬ್ಬಿಯಿಂದ ಕಣ್ಣೆತ್ತದೆ, "ಭಾವ ಕಮೀ ನಾಹೀ ಹೋಣಾರ್ ಶೇಠ್. ಪಣ್ ತಿನ್ಹೀ ಬಾಜೂ ಕಟಿಂಗ್ ಫ್ರೀ" ಎಂದರು. ಬೆಲೆ ಇಳಿಯದು, ಆದರೆ ಮೂರೂ ಬದಿ ಕತ್ತರಿಸಿ ನುಣುಪು ಮಾಡಿಕೊಡುವುದು ಪುಕ್ಕಟೆ. ಬೆನ್ನಿನ ಮೇಲೆ ಚಿನ್ನದ ಬಣ್ಣದ ಅಕ್ಷರವೂ ಬೇಕೆಂದೆ. ಅದಕ್ಕೂ ಒಪ್ಪಿದರು. ಗೆದ್ದೆ ಎಂದುಕೊಂಡು ದಾರಿಯಲ್ಲಿ ವಡಾಪಾವ್ ತಿಂದೆ.

ಮುಂದಿನ ಭಾನುವಾರ ಬೆಳಿಗ್ಗೆ ಪುಸ್ತಕ ಕೈಗೆ ಬಂತು. ಆಗತಾನೇ ಕ್ಷೌರ ಮಾಡಿಸಿಕೊಂಡ ಕೆನ್ನೆಯಂತಿತ್ತು. ಡೊಂಬಿವಲಿಯ ಗಾಡಿ ಹತ್ತಿ, ಕಿಟಕಿಯ ಪಕ್ಕ ಜಾಗ ಸಿಕ್ಕಿ, ತೆರೆದು ನೋಡಿದೆ. ಬಲಪುಟಗಳಲ್ಲಿ ಪ್ರತಿ ಸಾಲಿನ ಕೊನೆ ಇರಲಿಲ್ಲ. ಎಡಪುಟಗಳಲ್ಲಿ ಪ್ರತಿ ಸಾಲಿನ ಮೊದಲು ಇರಲಿಲ್ಲ. ಅಂಚಿನ ತುದಿಯವರೆಗೂ ಬರೆದಿದ್ದ ಎರಡು ತಲೆಮಾರಿನ ಅಕ್ಷರಗಳನ್ನು ಯಂತ್ರದ ಬ್ಲೇಡು ಅಳತೆಗೋಲು ಇಟ್ಟ ಹಾಗೆ ಒಯ್ದಿತ್ತು.

ಅದ್ವೈತದ ವ್ಯಾಖ್ಯಾನಕಾರರಲ್ಲಿ ಒಂದು ಹಳೆಯ ಜಗಳವಿದೆ. ಅಜ್ಞಾನ ಇದೆಯಲ್ಲ, ಅದು ಕೂತಿರುವುದು ಯಾರಲ್ಲಿ? ಒಂದು ಪಂಥದವರು ಜೀವನಲ್ಲಿ ಎನ್ನುತ್ತಾರೆ. ಜೀವ ಹುಟ್ಟಿದ್ದೇ ಅಜ್ಞಾನದಿಂದ, ಹುಟ್ಟಿಸಿದ್ದು ಹುಟ್ಟಿದವನ ತೊಡೆಯ ಮೇಲೆ ಹೇಗೆ ಕೂರುತ್ತದೆ ಎಂದು ಇನ್ನೊಂದು ಪಂಥ ಕೇಳಿ, ಅದು ಬ್ರಹ್ಮದಲ್ಲೇ ಇದೆ ಎನ್ನುತ್ತದೆ. ಬರಿಯ ಬೆಳಕೇ ಆದ ಬ್ರಹ್ಮದಲ್ಲಿ ಕತ್ತಲೆಗೆ ಜಾಗ ಎಲ್ಲಿಯದು ಎಂದು ಮೊದಲಿನವರು ತಿರುಗಿ ಬೀಳುತ್ತಾರೆ. ಇದನ್ನು ನಾವು ಎರಡು ಮಳೆಗಾಲ ಓದಿದ್ದೆವು, ಇಷ್ಟು ದೊಡ್ಡವರಿಗೆ ಬೇರೆ ಕೆಲಸ ಇರಲಿಲ್ಲವೇ ಎಂದು ನನಗೆ ಅನ್ನಿಸಿದ್ದೂ ಉಂಟು. ಆ ದಿನ ರೈಲಿನಲ್ಲಿ ಪ್ರಶ್ನೆಯ ಬಿಸಿ ತಟ್ಟಿತು. ಅಜ್ಞಾನ ಯಾರಲ್ಲಿತ್ತು? ಕನ್ನಡ ಓದಲು ಬಾರದ, ಅಂಚೆಂದರೆ ಕತ್ತರಿಸಲಿಕ್ಕೇ ಇರುವುದೆಂದು ನಂಬಿದ ಬೈಂಡರಿನವರಲ್ಲೋ, ಅವರಿಂದ ಪುಕ್ಕಟೆ ಕಿತ್ತ ನನ್ನಲ್ಲೋ? ಕಲ್ಯಾಣಕ್ಕೂ ಡೊಂಬಿವಲಿಗೂ ನಡುವೆ ಇರುವುದು ಠಾಕುರ್ಲಿ ಒಂದೇ ಸ್ಟೇಷನ್ನು. ಠಾಕುರ್ಲಿಯವರೆಗೆ ಅದು ಬೈಂಡರಿನವರಲ್ಲೇ ಇತ್ತು. ವಾದ ಬಲವಾಗಿತ್ತು, ಭಟ್ಟರಿಗೆ ಹೇಳಲು ವಾಕ್ಯಗಳನ್ನೂ ಜೋಡಿಸಿಕೊಂಡೆ. ಠಾಕುರ್ಲಿ ದಾಟಿದ ಮೇಲೆ, ಗೆದ್ದೆನೆಂದು ತಿಂದ ವಡಾಪಾವ್ ನೆನಪಾಯಿತು.

ಭಟ್ಟರು ಪುಸ್ತಕ ತೆಗೆದುಕೊಂಡು ಮೊದಲು ಬೆನ್ನಿನ ಅಕ್ಷರ ನೋಡಿದರು. ಆಮೇಲೆ ಅಂಚಿನ ಉದ್ದಕ್ಕೂ ಬೆರಳಾಡಿಸಿದರು. ತೆರೆದರು.

"ಭಟ್ರೆ, ಆ ಬೈಂಡಿಂಗಿನವನಿಗೆ ಗೊತ್ತಾಗ್ಲಿಲ್ಲ, ಅವ ಮೂರೂ ಬದಿ..." ಎಂದು ಠಾಕುರ್ಲಿಗಿಂತ ಮುಂಚಿನ ವಾಕ್ಯವೇ ಬಾಯಿಗೆ ಬಂತು.

"ಅವ ಮಾಡಿದ್ದಾ, ನೀವು ಮಾಡ್ಸಿದ್ದಾ?"

"ನಾನೇ ಮಾಡ್ಸಿದ್ದು. ಪುಕ್ಸಟ್ಟೆ ಅಂತ."

"ಹಾಗಾದ್ರೆ ಅಜ್ಞಾನದ ಜಾಗ ಗೊತ್ತಾಯ್ತಲ್ಲ. ಎರಡು ಮಳೆಗಾಲ ಸುಮ್ಮನೆ ಓದಿದ್ದು" ಎಂದರು ರಾಯರು. ಯಾರೂ ನಗಲಿಲ್ಲ. ಹೇಳಿದ ರಾಯರೂ ನಗಲಿಲ್ಲ.

ಭಟ್ಟರು ಪುಸ್ತಕವನ್ನು ಮುಚ್ಚಿ ತೊಡೆಯ ಮೇಲಿಟ್ಟುಕೊಂಡರು. "ನಾನು ಪಂಡಿತ ಅಲ್ಲ ಶೆಟ್ರೆ. ಟಿಕೆಟ್ ಕೊಡ್ತಿದ್ದವ. ಇಷ್ಟು ವರ್ಷ ನಾನು ಹೇಳಿದ್ದು ನನ್ನದಲ್ಲ, ಈ ಅಂಚಿನದ್ದು. ಇನ್ನು ನಿಮ್ಮ ಎದುರು ಕೂತು ಎಂತ ಹೇಳ್ಲಿ? ಪಾಠ ಇಷ್ಟಕ್ಕೆ ನಿಲ್ಲಿಸುವ." ಸಿಟ್ಟಿನಿಂದ ಹೇಳಿದ್ದರೆ ಸಿಟ್ಟು ಇಳಿಯುವವರೆಗೆ ಕಾಯಬಹುದಿತ್ತು. ಕೌಂಟರು ಮುಚ್ಚುವ ಹೊತ್ತಾಯಿತೆಂದು ಹೇಳುವವರ ಹಾಗೆ ಹೇಳಿದರು.

ಮಾರನೆಯ ದಿನ ಕಲ್ಯಾಣಕ್ಕೆ ಓಡಿದೆ. ಕತ್ತರಿಸಿದ ಚೂರುಗಳ ಗೋಣಿ ಶುಕ್ರವಾರವೇ ರದ್ದಿಯವನಿಗೆ ಹೋಗಿತ್ತು, ರದ್ದಿಯವನಿಂದ ಯಾವುದೋ ಮಿಲ್ಲಿಗೆ. ಹಳೆ ಸಾಮಾನು ಎಲ್ಲಿಂದೆಲ್ಲಿಗೆ ಹೋಗುತ್ತದೆಂದು ಹುಡುಕುವುದೇ ಕಸುಬಾದ ನನಗೂ ಅದಕ್ಕಿಂತ ಮುಂದೆ ದಾರಿ ಸಿಗಲಿಲ್ಲ. ಹೊಸ ಪ್ರತಿ ತರಿಸಿಕೊಡುತ್ತೇನೆ ಎಂದು ಭಟ್ಟರಿಗೆ ಫೋನು ಮಾಡಿದೆ. "ಅಚ್ಚಿನದ್ದು ಎಲ್ಲ ಕಡೆ ಸಿಕ್ತದೆ ಶೆಟ್ರೆ" ಎಂದರು.

ಪಾಠವಿಲ್ಲದ ಭಾನುವಾರ ಬಂತು. ನಾನು, ರಾಯರು, ಮಹಾದೇವಿ ಅಕ್ಕ ಮೂವರೂ ಕರೆಯದೆ ಹೋಗಿ ಕೂತೆವು. ನಾನು ಭಟ್ಟರಿಂದ ಕಲಿತದ್ದನ್ನೇ ಅವರ ಮೇಲೆ ಪ್ರಯೋಗಿಸಿದೆ. "ಭಟ್ರೆ, ನಿಮ್ಮ ಮಾತು ನಾನೇ ಹೇಳ್ತೇನೆ. ಬರೆದದ್ದು ಹೋಯ್ತು. ಗುರುಗಳು ಇಲ್ಲ, ಅವರನ್ನು ಕೇಳುವ ಹಾಗಿಲ್ಲ. ನೆನಪಿನಿಂದ ಹೇಳಿದ್ರೆ ತಪ್ಪು ಹೇಳಿಯೇನು ಅಂತ ನಿಮಗೆ ಹೆದರಿಕೆ. ತಪ್ಪು ಹೇಳುವುದಕ್ಕಿಂತ ಸುಮ್ಮನಿರುವುದು ಒಳ್ಳೇದು ಅಂತ ನಿಮ್ಮ ನ್ಯಾಯ." ಭಟ್ಟರು ತಲೆಯಾಡಿಸಿದರು. "ಸರಿಯಾಗಿ ಹೇಳಿದ್ರಿ. ಇನ್ನು ಸಿದ್ಧಾಂತ ಹೇಳಿ."

ಸಿದ್ಧಾಂತ ನನ್ನಲ್ಲಿ ಇರಲಿಲ್ಲ. ಅರ್ಧ ವಿದ್ಯೆ ಮಾತ್ರ ಕಟ್ಟಿಕೊಂಡು ಬಂದಿದ್ದೆ.

ಆಗ ಗೋಡೆಯ ಬದಿಯಿಂದ, ಕಣ್ಣು ಮುಚ್ಚಿಕೊಂಡೇ, ಮಹಾದೇವಿ ಅಕ್ಕ ಕೇಳಿದರು. "ಭಟ್ಟರ, ಅಂಚಿನಾಗ ಇದ್ದದ್ದು ನೀವು ನಮಗ ಓದಿ ಹೇಳೀರೋ ಇಲ್ಲೋ?"

"ಹೇಳಿದ್ದೇನೆ."

"ಹಂಗಾರ ಅದು ಮಿಲ್ಲಿಗೆ ಹ್ಯಾಂಗ ಹೋತ್ರಿ? ಕಪ್ಪೆಚಿಪ್ಪಿನ ಹಾಳಿ ತಗೀರಿ. ಕರೀ ಶಾಯಿ. ಚಿಪ್ಪು ಅಂತ ತಿಳದ ಮ್ಯಾಲೆ, ಅದರಾಗ ಕಂಡ ಬೆಳ್ಳಿ ಎಲ್ಲಿಗೆ ಹೋತು ಅಂತ ಹುಡುಕಬ್ಯಾಡ, ಬಂದದ್ದಿದ್ದರ ಹೋಗತಿತ್ತು. ಅದರ ಕೆಳಗ ನಿಮ್ಮ ನೀಲೀದು. ಹುಡುಕಾಂವ ಚಿಪ್ಪು ನೋಡೇ ಇಲ್ಲ, ಅಂತ."

ಭಟ್ಟರು ಪುಟ ತೆಗೆದರು. ಕಪ್ಪು ಶಾಯಿಯ ಸಾಲು 'ಎಲ್ಲಿಗೆ ಹೋಯಿತೆಂದು' ಎಂಬಲ್ಲಿ ಕತ್ತರಿಸಿ ನಿಂತಿತ್ತು. ಅಕ್ಕನ ಮಾತು ಅದಕ್ಕೆ ಬಂದು ಕೂಡಿಕೊಂಡಿತು. ನಾವು ಇಷ್ಟು ವರ್ಷ ಮೆಲ್ಲಗೆ ಜಗಳವಾಡಿದ್ದು ಸುಮ್ಮನೆ. ಆಕೆ ಒಂದು ದಿನವೂ ನಿದ್ದೆ ಮಾಡಿರಲಿಲ್ಲ.

"ಅದು ದುರ್ಬಲ ವಾದ, ನಾನು ಆವತ್ತೇ ಹೇಳಿದ್ದೆ" ಎಂದು ರಾಯರು ಮುಂದೆ ಸರಿದರು. ಯಾಕೆ ದುರ್ಬಲ ಎಂದು ಹೇಳುವ ಭರದಲ್ಲಿ ಮುಂದಿನ ಮೂರು ಟಿಪ್ಪಣಿಗಳನ್ನು ಅಕ್ಷರ ತಪ್ಪದೆ ಒಪ್ಪಿಸಿದರು. ಒಪ್ಪಿಕೊಂಡವರು ಮರೆತುಬಿಡುತ್ತಾರೆ, ಒಪ್ಪದವನು ಮನೆಗೆ ಹೋಗಿ ಮೆಲುಕು ಹಾಕುತ್ತಾನೆ. ಇದನ್ನು ಗಮನಿಸಿಟ್ಟುಕೊಳ್ಳಿ. ಮಾತು ಉಳಿಯಬೇಕಾದರೆ ಅದನ್ನು ಒಬ್ಬ ಒಳ್ಳೆಯ ವಿರೋಧಿಯ ಕೈಯಲ್ಲಿ ಕೊಡಬೇಕು. ಅವರ ಫೋನಿನಲ್ಲಿ ಪುಸ್ತಕದ ಒಂದು ಫೋಟೋ ಕೂಡ ಇತ್ತು. ಅದರಲ್ಲಿ ಮುಕ್ಕಾಲು ಭಾಗ ರಾಯರ ಮುಖವೇ ಇದ್ದರೂ ಕಿವಿಯ ಪಕ್ಕ ನಾಲ್ಕು ಸಾಲು ಓದಲು ಬಂತು.

ನನಗೇನೂ ನೆನಪಿರಲಿಲ್ಲ. ನಾನು ಹೋಗಿದ್ದು ಗುಟ್ಟಿಗೆ, ಗುಟ್ಟು ಸಿಕ್ಕ ಮೇಲೆ ಕಿವಿ ಸಡಿಲ ಬಿಟ್ಟಿದ್ದೆ. ಸುಮ್ಮನಿರಲಾರದೆ ಪುಟ ತಿರುವುತ್ತ ಹೋದೆ. ನೀಲಿ ಶಾಯಿಯಲ್ಲಿ ಅಲ್ಲಲ್ಲಿ 'ವಾ. ಎ.' ಎಂದಿತ್ತು. ಯಾವುದೋ ಕಠಿಣ ಟೀಕಾಗ್ರಂಥದ ಹೆಸರಿರಬೇಕೆಂದುಕೊಂಡು ಗೌರವದಿಂದ ಕೇಳಿದೆ, "ಈ ವಾ. ಎ. ಯಾರು ಭಟ್ರೆ?"

"ವಾಗ್ಳೆ ಎಸ್ಟೇಟು" ಎಂದರು.

ನಾನು ನೋಡಿದೆ. ಭಟ್ಟರಿಗೆ ಸ್ವಲ್ಪ ಸಂಕೋಚವಾಯಿತು. "ಆಕ್ಷೇಪ ಎತ್ತಿದವನ ಗುರುತು ಬೇಡ್ವಾ? ಹಿಂದಿನವರು 'ಕೆಲವರು ಹೇಳ್ತಾರೆ' ಅಂತ ಬರೀತಿದ್ರು. ನಾನು ಸ್ಟೇಷನ್ನಿನ ಮನುಷ್ಯ, ಊರು ಬರೀತೇನೆ. ಐ. ಅಂದ್ರೆ ಐರೋಲಿ. ಬ. ಅಂದ್ರೆ ಬದಲಾಪುರ." ನನ್ನಂಥ ಬಡಪಾಯಿಯ ಚೇಷ್ಟೆಯ ಪ್ರಶ್ನೆಗಳನ್ನು ಅವರು ಗುರುಗಳ ಕಪ್ಪು ಶಾಯಿಯ ಪಕ್ಕದಲ್ಲೇ ಕೂರಿಸಿದ್ದರು. ಹಗ್ಗ ಹಾವಾಗಿ ಕಾಣುವ ದೃಷ್ಟಾಂತದ ಪುಟದಲ್ಲಿ, ಕತ್ತರಿಸಿಹೋದ ಸಾಲಿನ ತುದಿಗಳನ್ನು ಊಹಿಸಿಕೊಂಡು ಓದಿದರೆ, ಹೀಗಿತ್ತು: 'ವಾ. ಎ. – ಡುಪ್ಲಿಕೇಟ್ ಬೇರಿಂಗ್ ಮಾರುಕಟ್ಟೆಗೆ ಬರಬೇಕಾದರೆ ಒರಿಜಿನಲ್ ಎಲ್ಲೋ ತಯಾರಾಗುತ್ತಿರಲೇಬೇಕು. ಹಾಗೆಯೇ ಸುಳ್ಳು ಹಾವು ಕಂಡವನು ಎಲ್ಲೋ ನಿಜದ ಹಾವು ನೋಡಿರಬೇಕು. ಜಗತ್ತು ಡುಪ್ಲಿಕೇಟ್ ಆದರೆ ನಿಜದ ಜಗತ್ತು ಎಲ್ಲಿ? ಬಲವಾದ ಆಕ್ಷೇಪ. ಸಮಾಧಾನ' – ಅಲ್ಲಿಗೆ ಪುಟ ಮುಗಿದಿತ್ತು. ಸಮಾಧಾನವನ್ನು, ಅಂದರೆ ಆಕ್ಷೇಪಕ್ಕೆ ಉತ್ತರವನ್ನು, ಕೆಳ ಅಂಚಿನಲ್ಲಿ ಬರೆದಿದ್ದರು. ಕೆಳ ಅಂಚೂ ಪುಕ್ಕಟೆಯಲ್ಲಿ ಸೇರಿತ್ತು.

"ಅವತ್ತ ಹಳಿ ರಿಪೇರೀದ ಮೆಗಾಬ್ಲಾಕ್ ಇತ್ರಿ, ಗಾಡಿ ಇರಲಿಲ್ಲ. ನಾ ಬಂದಿಲ್ಲ" ಎಂದರು ಮಹಾದೇವಿ ಅಕ್ಕ. ರಾಯರು, "ಆಕ್ಷೇಪ ನನಗೆ ಅನುಕೂಲ ಇತ್ತು, ಉತ್ತರ ಕೇಳ್ಲಿಕ್ಕೆ ಹೋಗ್ಲಿಲ್ಲ" ಎಂದರು. ಭಟ್ಟರು ಆ ಪುಟವನ್ನು ಹಿಂದೆ ಮುಂದೆ ತಿರುವಿ ನೋಡಿದರು. "ನನಗೂ ನೆನಪಿಲ್ಲ. ಒಳ್ಳೆ ಉತ್ತರವೇ ಇದ್ದಿರ್ಬೇಕು." ಆಮೇಲೆ ಅಂಗಿಯ ಜೇಬಿನಿಂದ ನೀಲಿ ಪೆನ್ನು ತೆಗೆದು ನನ್ನ ಮುಂದೆ ಹಿಡಿದರು. "ಕೇಳಿದ್ದು ನೀವು, ಕತ್ತರಿಸಿದ್ದೂ ನೀವು. ಉತ್ತರ ಇನ್ಯಾರು ಬರೀಬೇಕು? ಬರ್ದು ಮುಂದಿನ ಭಾನುವಾರ ತನ್ನಿ."

ಮುಂದಿನ ಭಾನುವಾರ ಎಂದರು. ಅಂದರೆ ಪಾಠ ಇದೆ ಎಂದಾಯಿತು.

ಬರೆಯಲು ಜಾಗವಿರಲಿಲ್ಲವಾದ್ದರಿಂದ ಪುಸ್ತಕವನ್ನು ಮತ್ತೆ ಕಲ್ಯಾಣಕ್ಕೇ ಒಯ್ದೆ. ಹೊಲಿಗೆ ಬಿಚ್ಚಿ, ಪ್ರತಿ ಹಾಳೆಯ ನಡುವೆ ಒಂದು ಅಗಲವಾದ ಖಾಲಿ ಹಾಳೆ ಸೇರಿಸಿ ಹೊಲಿಯಬೇಕೆಂದೆ. ಇಡೀ ದಿನ ಸ್ಟೂಲು ಹಾಕಿಕೊಂಡು ಪಕ್ಕದಲ್ಲೇ ಕೂತೆ, ಕೇಳಿದಷ್ಟು ಕೊಟ್ಟೆ. ಮುದುಕರಿಗೆ ಅನುಮಾನವೇ ಬಂತು. "ಶೇಠ್, ಇಸ್ ಬಾರ್ ಫ್ರೀ ಮೇ ಕುಛ್ ನಹೀ ಚಾಹಿಯೇ?" ಈ ಸಲ ಪುಕ್ಕಟೆ ಏನೂ ಬೇಡವೇ ಎಂದು ಕೇಳಿ ಕಟಿಂಗ್ ಮಷೀನಿನ ಕಡೆ ನೋಡಿದರು. ನಾನು ಪುಸ್ತಕದ ಮೇಲೆ ಎರಡೂ ಕೈಯಿಟ್ಟೆ.

ಈಗ ಅದು ಮೊದಲಿಗಿಂತ ಎರಡು ಪಾಲು ದಪ್ಪ. ಬದಿಗಳು ಹಲ್ಲುಹಲ್ಲಾಗಿವೆ. ಖಾಲಿ ಹಾಳೆಗಳಲ್ಲಿ ನೆನಪಾದದ್ದನ್ನು ಬರೆಯುತ್ತಿದ್ದೇವೆ. ಅಕ್ಕ ಹೇಳಿದ್ದೂ ರಾಯರು ಹೇಳಿದ್ದೂ ಕೂಡದ ಕಡೆ ಭಟ್ಟರು ಎರಡನ್ನೂ ಬರೆಯಿಸಿ, ಯಾವುದು ಗುರುಗಳದ್ದಿರಬಹುದೆಂದು ಒಂದು ಗಂಟೆ ಮಾತಾಡುತ್ತಾರೆ. ಅಂಚು ಕಳೆದುಕೊಂಡ ಮೇಲೆ ಪಾಠ ಉದ್ದವಾಗಿದೆ. ದೊಡ್ಡ ದೊಡ್ಡ ಟೀಕೆಗಳೆಲ್ಲ ಹುಟ್ಟಿದ್ದು ಯಾರೋ ಒಬ್ಬ ಶೆಟ್ಟಿ ಏನನ್ನೋ ಹಾಳು ಮಾಡಿದ್ದರಿಂದಲೇ ಇರಬಹುದೇ ಎಂದು ನನಗೊಂದು ಕುತೂಹಲ. ಭಟ್ಟರ ಮುಂದೆ ಇನ್ನೂ ಬಾಯಿಬಿಟ್ಟಿಲ್ಲ.

ನನ್ನ ಹಾಳೆ ಮಾತ್ರ ಮೂರು ವಾರ ಖಾಲಿಯೇ ಇತ್ತು. ಕೊಟೇಶನ್ ಬರೆದಷ್ಟು ಸುಲಭವಲ್ಲ ಇದು. ನಾಲ್ಕನೆಯ ಭಾನುವಾರ ಒಂದು ಸಾಲು ಬರೆದು ಕೊಟ್ಟೆ: 'ಒರಿಜಿನಲ್ ಎಲ್ಲಿದೆ ಎಂದು ಕೇಳುವ ಮೊದಲು, ಇದು ಡುಪ್ಲಿಕೇಟ್ ಎಂದು ನನಗೆ ಹೇಳಿದವರು ಯಾರು?'

ಭಟ್ಟರು ಓದಿದರು. "ಇದು ಉತ್ತರ ಅಲ್ಲ ಶೆಟ್ರೆ. ಇನ್ನೊಂದು ಆಕ್ಷೇಪ."

"ಗೊತ್ತುಂಟು ಭಟ್ರೆ."

"ಮತ್ತೆ ಇಷ್ಟು ಸಣ್ಣ ಸಾಲು ನಡುವೆ ಬರ್ದು, ಸುತ್ತ ಇಷ್ಟೆಲ್ಲ ಜಾಗ ಯಾಕೆ ಬಿಟ್ಟಿದ್ದೀರಿ?"

"ಯಾರಿಗಾದ್ರೂ ಬೇಕಾದೀತು ಅಂತ."

ಭಟ್ಟರು ಕನ್ನಡಕ ತೆಗೆದು ನನ್ನನ್ನು ನೋಡಿದರು, ಆಮೇಲೆ ರಾಯರನ್ನು. ರಾಯರು ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದರು.